ಬಿಸಿಗಾಳಿಯ ಒಲೆಯೂ ಶ್ರಾವಕರ ಸಿಹಿತಿಂಡಿಯೂ

ಅಡಿಗೆಮನೆಗೆ ಹೊಸ ಉಪಕರಣವೊಂದು ಬಂದಾಗ ಜೈನ ಗೃಹಸ್ಥನು ಕೇಳಬೇಕಾದ ಪ್ರಶ್ನೆ ಅದರ ಬೆಲೆ ಎಷ್ಟು ಎಂಬುದೊಂದೇ ಆಗಿರಲಾರದು. ಅದರಿಂದ ಮನೆಯಲ್ಲಿ ನಡೆಯುವ ಆರಂಭ, ಎಂದರೆ ಬೆಂಕಿ, ನೀರು, ಕುಟ್ಟುವುದು, ಬೀಸುವುದು ಮುಂತಾದ ಗೃಹಕೃತ್ಯಗಳ ಹಿಂಸೆ, ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬುದನ್ನೂ ಆತನು ವಿಚಾರಿಸಬೇಕಾಗುತ್ತದೆ. ಬೀಸುವ ಕಲ್ಲು ಹೋಗಿ ಮಿಕ್ಸಿ ಬಂದಾಗ, ಸೌದೆಯ ಒಲೆ ಹೋಗಿ ಗ್ಯಾಸ್ ಬಂದಾಗ, ಹಿರಿಯರು ಈ ಪ್ರಶ್ನೆಯನ್ನು ಕೇಳಿಯೇ ಒಪ್ಪಿಕೊಂಡರು. ಕೆಲವರು ಒಪ್ಪಲಿಲ್ಲ. ಈಗ ಏರ್ ಫ್ರೈಯರ್ ಎಂಬ ಬಿಸಿಗಾಳಿಯ ಒಲೆಯ ಸರದಿ ಬಂದಿದೆ. ಸಂಜೆ ಶಾಲೆಯಿಂದ ಬಂದ ಮಗುವಿಗೆ ಹದಿನೈದು ನಿಮಿಷದಲ್ಲಿ ಸಿಹಿತಿಂಡಿ ಮಾಡಿಕೊಡಬಹುದೆಂಬ ಕಾರಣದಿಂದಲೇ ಅನೇಕ ಶ್ರಾವಕರ ಮನೆಗಳಲ್ಲಿ ಇದು ಕಾಣಿಸಿಕೊಂಡಿದೆ.

ಫಿಲಿಪ್ಸ್ ಕಂಪನಿಯು 2010ರಲ್ಲಿ ಬರ್ಲಿನ್ ನಗರದ ಪ್ರದರ್ಶನದಲ್ಲಿ ಈ ಹೆಸರಿನ ಯಂತ್ರವನ್ನು ಲೋಕಕ್ಕೆ ತೋರಿಸಿತು. ಹೆಸರಿನಲ್ಲಿ ಕರಿಯುವ ಮಾತಿದೆಯಾದರೂ ಇದರಲ್ಲಿ ಕರಿಯುವ ಕ್ರಿಯೆ ನಡೆಯುವುದೇ ಇಲ್ಲ. ಮೇಲ್ಭಾಗದಲ್ಲಿ ವಿದ್ಯುತ್ತಿನಿಂದ ಕಾಯುವ ಸುರುಳಿ, ಅದರ ಮೇಲೊಂದು ಫ್ಯಾನ್, ಕೆಳಗೆ ತೂತುಗಳುಳ್ಳ ಬುಟ್ಟಿ, ಇಷ್ಟೇ ಇದರ ಒಡಲು. ಕಾದ ಗಾಳಿಯು ವೇಗವಾಗಿ ಸುತ್ತುತ್ತ ತಿನಿಸಿನ ಮೇಲ್ಮೈಯ ತೇವವನ್ನು ಹೀರಿ ಅದನ್ನು ಕೆಂಪಗೆ ಗರಿಗರಿಯಾಗಿಸುತ್ತದೆ. ಒಳಗಣ ಜಾಗ ಚಿಕ್ಕದಾದ್ದರಿಂದ ಬೇಗ ಕಾಯುತ್ತದೆ, ಹೆಚ್ಚಿನವು 200 ಡಿಗ್ರಿಯವರೆಗೆ ಏರುತ್ತವೆ. 1500 ವ್ಯಾಟಿನ ಯಂತ್ರವು ಹದಿನೈದು ನಿಮಿಷ ಬಿಡುವಿಲ್ಲದೆ ಉರಿದರೂ ತಗಲುವ ವಿದ್ಯುತ್ತು ಅರ್ಧ ಯೂನಿಟ್ಟಿಗಿಂತ ಕಡಿಮೆ. ವ್ಯಾಪಾರಿಯ ಲೆಕ್ಕಕ್ಕೆ ಇದು ಒಪ್ಪುವ ಮಾತೇ. ಆದರೆ ಶ್ರಾವಕನ ಲೆಕ್ಕದ ಪುಸ್ತಕದಲ್ಲಿ ಬೇರೆ ಅಂಕಣಗಳೂ ಇವೆ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಬಟ್ಟೆ ವ್ಯಾಪಾರ ಮಾಡುವ ಒಂದು ದಿಗಂಬರ ಜೈನ ಕುಟುಂಬವಿದೆ. ಮೂಲತಃ ಹಾಸನದ ಕಡೆಯವರು. ಎಪ್ಪತ್ತು ದಾಟಿದ ಅತ್ತೆಯವರು ಪ್ರತಿದಿನ ಬೆಳಿಗ್ಗೆ ಬಸದಿಗೆ ಹೋಗಿ ದರ್ಶನ ಮಾಡಿ ಬಂದ ಮೇಲೆಯೇ ಬಾಯಿಗೆ ನೀರು ಹಾಕುವವರು. ಸೊಸೆ ಬ್ಯಾಂಕಿನಲ್ಲಿ ಅಧಿಕಾರಿ. ಹತ್ತು ವರ್ಷದ ಮೊಮ್ಮಗಳು. 2023ರ ದೀಪಾವಳಿಯ ಸಮಯದಲ್ಲಿ ಸೊಸೆ ಈ ಯಂತ್ರವನ್ನು ಮನೆಗೆ ತಂದಳು. ಅತ್ತೆಗೆ ವಿರೋಧವಿದ್ದಿತೆಂದು ಯಾರಾದರೂ ಊಹಿಸಿದರೆ ಅದು ತಪ್ಪು. ತರಬೇಕೆಂಬ ಆಸೆ ಮೊದಲು ಅವರದೇ ಆಗಿತ್ತು.

ಕಾರಣವು ಸೂರ್ಯನ ಲೆಕ್ಕದಲ್ಲಿ ಅಡಗಿದೆ. ನವೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸುಮಾರು 5 ಗಂಟೆ 50 ನಿಮಿಷಕ್ಕೆಲ್ಲ ಸೂರ್ಯಾಸ್ತವಾಗುತ್ತದೆ. ರಾತ್ರಿಭೋಜನ ತ್ಯಾಗವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಅಸ್ತಮಾನಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಇರುವಾಗಲೇ ಕೈ ತೊಳೆಯುತ್ತಾರೆ. ಹಾಗಾದರೆ 5 ಗಂಟೆಯ ಒಳಗೆ ಎಲ್ಲವೂ ಮುಗಿಯಬೇಕು. ಮಗುವಿನ ಶಾಲೆಯ ಬಸ್ಸು ಮನೆಯ ಮುಂದೆ ನಿಲ್ಲುವುದು 4 ಗಂಟೆ 20 ನಿಮಿಷಕ್ಕೆ. ಉಳಿಯುವುದು ನಲವತ್ತು ನಿಮಿಷ. ಅಷ್ಟರಲ್ಲಿ ಅವಳಿಗೆ ಊಟವೂ ಆಗಬೇಕು, ಬಾಯಿಗೆ ರುಚಿಯಾದದ್ದೇನಾದರೂ ಸಿಗಬೇಕು. ಸಿಗದಿದ್ದರೆ ಏನಾಗುತ್ತದೆಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು: ಟ್ಯೂಷನ್ನಿನಿಂದ ಗೆಳತಿಯರೊಂದಿಗೆ ಬರುವಾಗ ಏಳು ಗಂಟೆಗೆ ಬೇಕರಿಯ ಮುಂದೆ ಕಾಲು ನಿಲ್ಲುತ್ತದೆ. ಸೊಸೆ ಮನೆ ಸೇರುವಾಗ ಕತ್ತಲಾಗಿರುತ್ತದೆ. ಅತ್ತೆಗೆ ಮಂಡಿ ನೋವು, ಕಾದ ಎಣ್ಣೆಯ ಬಾಣಲೆಯ ಮುಂದೆ ನಿಲ್ಲಲಾರರು. ತಾನಾಗಿಯೇ ಆರುವ ಒಲೆಯೊಂದು ಇಂತಹ ಮನೆಗೆ ವರವೇ ಸರಿ.

ಬೇಕರಿಯ ತಿಂಡಿಯ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿದ್ದರೆ ಸಾಕು, ಜೈನರು ತಿನ್ನಬಹುದೆಂದು ಅನೇಕ ತಾಯಂದಿರು ನಂಬಿದ್ದಾರೆ. ಆ ಚುಕ್ಕೆಯು ಮೊಟ್ಟೆಯೂ ಮಾಂಸವೂ ಇಲ್ಲವೆಂದು ಹೇಳುತ್ತದೆಯೇ ಹೊರತು ಅದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ. ಭಾರತದ ಆಹಾರ ನಿಯಮಗಳಲ್ಲಿ ಜೇನುತುಪ್ಪವನ್ನು ಸಸ್ಯಾಹಾರದ ಸಾಲಿಗೇ ಸೇರಿಸಲಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿಯೂ ಮದ್ಯ ಮಾಂಸಗಳ ಜೊತೆಯಲ್ಲಿಯೇ ಮಧುವನ್ನು ಬಿಡಿಸಿದ್ದಾರೆ. ಇನ್ನು ಹಿಟ್ಟು ಯಾವ ದಿನ ಬೀಸಿದ್ದು, ಕೇಕಿನೊಳಗಣ ಕೇಸರಿ ಬಣ್ಣ ಗಜ್ಜರಿಯದೋ ಬೇರೆಯದೋ, ಇದನ್ನೆಲ್ಲ ಯಾವ ಚುಕ್ಕೆಯೂ ತಿಳಿಸಲಾರದು. ಮನೆಯಲ್ಲಿ ಮಾಡಿದ ತಿಂಡಿಯ ಶ್ರೇಷ್ಠತೆ ಇರುವುದು ಇಲ್ಲಿ, ಮಾಡಿದವರಿಗೆ ಅದರ ಪೂರ್ವಾಪರ ಗೊತ್ತಿರುತ್ತದೆ.

ಆದರೆ ಯಂತ್ರದೊಂದಿಗೆ ಬರುವ ಪಾಕಪುಸ್ತಕಗಳನ್ನೂ ಎಚ್ಚರದಿಂದಲೇ ನೋಡಬೇಕು. 'ಸಕ್ಕರೆಯಿಲ್ಲದ ಆರೋಗ್ಯಕರ ಸಿಹಿ' ಎಂದು ಅಲ್ಲಿ ಹೇಳಿರುವುದರಲ್ಲಿ ಬಹುಪಾಲು ಜೇನುತುಪ್ಪ ಸವರಿದ ಹಣ್ಣು, ಅಂಜೂರದ ಉಂಡೆ, ಸುಟ್ಟ ಸಿಹಿಗೆಣಸು. ಜೇನಿನ ಮಾತು ಆಯಿತು. ಅಂಜೂರವು ಪಂಚ ಉದುಂಬರ ಫಲಗಳ ಜಾತಿಗೆ ಸೇರಿದ್ದು. ಗೆಣಸು ಕಂದಮೂಲ, ಅನಂತಕಾಯ. ಆರೋಗ್ಯದ ಹೆಸರಿನಲ್ಲಿ ಮೂಲಗುಣಗಳೇ ಸಡಿಲವಾಗುವ ಪ್ರಸಂಗವಿದು. ಮೊಟ್ಟೆಯ ಬದಲಿಗೆ ಮೊಸರು ಹಾಕಿ ಕೇಕು ಮಾಡುವವರು ಅದೇ ಮಿಶ್ರಣಕ್ಕೆ ಕಡಲೆಹಿಟ್ಟನ್ನು ಸೇರಿಸಿದರೆ ದ್ವಿದಳ ದೋಷ ಬರುತ್ತದೆಂಬುದನ್ನೂ ಮರೆಯಬಾರದು.

ಹಾಗಾದರೆ ಏನನ್ನು ಮಾಡಬಹುದು? ಆ ಮನೆಯ ಅತ್ತೆ ಸೊಸೆಯರು ಒಂದು ವರ್ಷದ ಅವಧಿಯಲ್ಲಿ ಮಾಡಿ ನೋಡಿದವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ನಾನ್‌ಖಟಾಯಿ. ಒಂದು ಬಟ್ಟಲು ಗೋಧಿಹಿಟ್ಟು, ಕಾಲು ಬಟ್ಟಲು ಕಡಲೆಹಿಟ್ಟು, ಅರ್ಧ ಬಟ್ಟಲು ಪುಡಿಮಾಡಿದ ಸಕ್ಕರೆ, ಏಲಕ್ಕಿ, ಕಲಸಲು ಬೇಕಾಗುವಷ್ಟು ತುಪ್ಪ, ಅದು ಸುಮಾರು ಅರ್ಧ ಬಟ್ಟಲು. ನೀರನ್ನು ಹಾಕುವಂತಿಲ್ಲ. ನಿಂಬೆಗಾತ್ರದ ಉಂಡೆಗಳನ್ನು ಚಪ್ಪಟೆ ಮಾಡಿ ಬಿಡಿಬಿಡಿಯಾಗಿಟ್ಟು 160 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ. ತೆಗೆದಾಗ ಮೆತ್ತಗಿರುತ್ತವೆ, ಆರಿದ ಮೇಲೆ ಗಟ್ಟಿಯಾಗುತ್ತವೆ. ಇದನ್ನರಿಯದೆ ಇನ್ನೂ ಐದು ನಿಮಿಷ ಇಟ್ಟವರಿಗೆ ಕಲ್ಲು ದೊರೆಯುತ್ತದೆ. ನೇಂದ್ರ ಬಾಳೆಹಣ್ಣನ್ನು ಸೀಳಿ ತುಪ್ಪ, ಬೆಲ್ಲದ ಪುಡಿ ಸವರಿ 180 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಇಟ್ಟರೆ ಅಂಚು ಕೆಂಪಾಗಿ ಪಾಯಸದ ಪರಿಮಳ ಬರುತ್ತದೆ. ಒಣಕೊಬ್ಬರಿ, ಹುರಿಗಡಲೆ, ಬೆಲ್ಲ, ಎಳ್ಳು ತುಂಬಿದ ಕರ್ಜಿಕಾಯಿಗೆ ಹೊರಗಡೆ ತುಪ್ಪ ಸವರಿ 170 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ, ನಡುವೆ ಒಮ್ಮೆ ಮಗುಚಬೇಕು. ಗಸಗಸೆಯನ್ನು ಆ ಮನೆಯಲ್ಲಿ ಬಳಸುವುದಿಲ್ಲ. ಕಡಲೆಕಾಯಿ ಬೀಜವನ್ನು ಹುರಿದು ಬೆಲ್ಲದ ಉಂಡೆ ಕಟ್ಟುವುದಂತೂ ಮಗುವೂ ಮಾಡಬಲ್ಲ ಕೆಲಸ.

ಎಲ್ಲವೂ ಇದರಲ್ಲಿ ಆಗುತ್ತದೆಂಬ ಭ್ರಮೆ ಬೇಡ. ಸುಕ್ಕಿನುಂಡೆಯ ಹಿಟ್ಟು ಬುಟ್ಟಿಯ ತೂತುಗಳಲ್ಲಿ ಸೋರಿಹೋಗುತ್ತದೆ. ಚಿರೋಟಿಯ ಪದರ ಬಿಚ್ಚಿಕೊಳ್ಳಲು ತುಪ್ಪದಲ್ಲಿ ಮುಳುಗಲೇಬೇಕು. ಜಾಮೂನು ಒಡೆದು ಒಣಗುತ್ತದೆ. ಕಜ್ಜಾಯದ ಸಂಗತಿಯನ್ನು ಕೇಳುವುದೇ ಬೇಡ.

ಎಣ್ಣೆಯ ಬಾಣಲೆಗೆ ಹೋಲಿಸಿದರೆ ಈ ಒಲೆಯಲ್ಲಿ ನಿಜವಾದ ಲಾಭಗಳಿವೆ. ಸಂಜೆಯ ದೀಪಕ್ಕೆ ಬರುವ ಪತಂಗವು ತೆರೆದ ಬಾಣಲೆಗೆ ಬೀಳುವ ಭಯವಿಲ್ಲ. ಕರಿದುಳಿದ ಎಣ್ಣೆಯನ್ನು ದಿನಗಟ್ಟಲೆ ಕಾಪಾಡಿ ಮತ್ತೆ ಮತ್ತೆ ಕಾಯಿಸುವ ಪ್ರಸಂಗವಿಲ್ಲ. ವಿದ್ಯುತ್ತು ಸಚಿತ್ತ ತೇಜಸ್ಕಾಯವೋ ಅಲ್ಲವೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಮುನಿಗಳ ಮಹಾವ್ರತದ ದೃಷ್ಟಿಯಿಂದ ಅದು ಮುಖ್ಯವಾದ ಚರ್ಚೆ. ಗೃಹಸ್ಥನ ಅಹಿಂಸಾಣುವ್ರತವು ಮೊದಲಿಗೆ ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಬಿಡಿಸುತ್ತದೆ. ಅಡಿಗೆಯ ಆರಂಭೀ ಹಿಂಸೆಯನ್ನು ಪೂರ್ತಿಯಾಗಿ ಬಿಡಲಾರನಾದ ಆತನು ಅದನ್ನು ಆದಷ್ಟು ಕುಗ್ಗಿಸಬೇಕೆಂಬುದೇ ಶಾಸ್ತ್ರದ ಅಪೇಕ್ಷೆ. ಸಮಂತಭದ್ರರು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಹೇಳುವಾಗ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆಣಕುವುದನ್ನು ಅದರಲ್ಲಿ ಸೇರಿಸಿದ್ದಾರೆ. ಬೆಂಕಿಯ ಕಾವನ್ನೂ ಗಾಳಿಯ ವೇಗವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಯಂತ್ರ ಇದಾದ್ದರಿಂದ, ನಾಲ್ಕು ಬಿಸ್ಕತ್ತಿಗಾಗಿ ಅದನ್ನು ಖಾಲಿಯಾಗಿ ಹತ್ತು ನಿಮಿಷ ಕಾಯಿಸುವವರು ಆ ಮಾತನ್ನು ಒಮ್ಮೆ ನೆನೆಯಬೇಕು. ಈ ಚಿಕ್ಕ ಒಲೆಗೆ ಎರಡು ಮೂರು ನಿಮಿಷದ ಕಾವು ಧಾರಾಳವಾಯಿತು.

ಇಷ್ಟು ಹೇಳಿದ ಮೇಲೆ, ಆ ಮನೆಯಲ್ಲಿ 2024ರ ಶ್ರಾವಣ ಮಾಸದಲ್ಲಿ ನಡೆದುದನ್ನು ಹೇಳಬೇಕು.

ಹಿಂದಿನ ದಿನ ಬಾಳೆಹಣ್ಣು ಬೆಲ್ಲದ ತಿಂಡಿ ಆಗಿತ್ತು. ಕರಗಿದ ಬೆಲ್ಲವು ಬುಟ್ಟಿಯ ತೂತುಗಳಿಂದ ಕೆಳಗಣ ತಟ್ಟೆಗೆ ಇಳಿದು ಗಟ್ಟಿಯಾಗಿತ್ತು. ಬುಟ್ಟಿಯನ್ನು ಮೇಲಿನಿಂದ ಒರೆಸಿ ಒಳಗೆ ತಳ್ಳಿದ್ದರು. ಮರುದಿನ ಸೊಸೆಗೆ ರಜೆ. ಮಗಳು ಬರುವ ಹೊತ್ತಾಯಿತೆಂಬ ಅವಸರದಲ್ಲಿ ನಾನ್‌ಖಟಾಯಿಗಳನ್ನು ಒಂದು ಚಿಕ್ಕ ತಟ್ಟೆಯಲ್ಲಿಟ್ಟು ಬುಟ್ಟಿಯೊಳಗಿಳಿಸಿ ಗುಂಡಿ ಒತ್ತಿದಳು. ಹದಿಮೂರು ನಿಮಿಷದ ನಂತರ ಹೊರಗೆಳೆದಾಗ ತಿಂಡಿ ಹೊಂಬಣ್ಣಕ್ಕೆ ತಿರುಗಿತ್ತು. ಬುಟ್ಟಿಯ ಕೆಳ ಅಂಚಿನುದ್ದಕ್ಕೂ ಸಣ್ಣ ಕೆಂಪಿರುವೆಗಳ ಸಾಲು ಹಾಗೆಯೇ ಕಮರಿ ನಿಂತಿತ್ತು.

ಅವಳು ಕೂಗಿದಳು. ಅತ್ತೆ ಬಂದು ನೋಡಿದರು. ಬಹಳ ಹೊತ್ತು ಏನನ್ನೂ ಆಡಲಿಲ್ಲ. ಆಮೇಲೆ, "ತೆರೆದ ಒಲೆಯಾಗಿದ್ದರೆ ಕಾವು ತಾಗಿದೊಡನೆ ಅವಕ್ಕೆ ಓಡಲು ದಾರಿಯಿರುತ್ತಿತ್ತು. ಇದಕ್ಕೆ ಬಾಗಿಲು ಹಾಕಿದವರು ನಾವೇ" ಎಂದರು.

"ಅತ್ತೆ, ನಾನು ನೋಡಲೇ ಇಲ್ಲ" ಎಂದಳು ಸೊಸೆ.

"ಹೌದಮ್ಮಾ. ನೋಡಲಿಲ್ಲ."

ಆ ತಿಂಡಿಯನ್ನು ಯಾರೂ ಮುಟ್ಟಲಿಲ್ಲ. ಶಾಲೆಯಿಂದ ಬಂದ ಮಗು ಎಲ್ಲವನ್ನೂ ಕೇಳಿ ತಿಳಿದು, "ಅಜ್ಜಿ, ಅಮ್ಮನಿಗೆ ಗೊತ್ತೇ ಇರಲಿಲ್ಲವಲ್ಲ, ಆದರೂ ಅದು ಪಾಪವೇ?" ಎಂದು ಕೇಳಿತು. ಮಕ್ಕಳು ಕೇಳುವ ಪ್ರಶ್ನೆಗಳು ಕೆಲವೊಮ್ಮೆ ಪಂಡಿತರ ಸಭೆಗೂ ಸಲ್ಲುವಂತಿರುತ್ತವೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣವಿಯೋಗಕ್ಕಿಂತ ಮೊದಲು ಪ್ರಮಾದವನ್ನು ಇರಿಸಿದ್ದಾರೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗಿ, ಯತ್ನವಿಲ್ಲದೆ ನಡೆಯುವವನಿಗೆ ಜೀವ ಸತ್ತರೂ ಬದುಕಿದರೂ ಹಿಂಸೆ ನಿಶ್ಚಿತವೆಂದೂ, ಎಚ್ಚರದಿಂದ ನಡೆಯುವವನಿಗೆ ಬರಿಯ ಪ್ರಾಣಹಾನಿಯಿಂದ ಬಂಧವಿಲ್ಲವೆಂದೂ ತಿಳಿಸಿದ್ದಾರೆ. ಅದು ಮುನಿಗಳನ್ನು ಉದ್ದೇಶಿಸಿದ ಮಾತು, ಆದರೆ ಅಡಿಗೆಮನೆಗೂ ಅದರ ಬೆಳಕು ಬೀಳುತ್ತದೆ. ಅಜ್ಜಿ ಶಾಸ್ತ್ರದ ಹೆಸರನ್ನೆತ್ತಲಿಲ್ಲ. "ಇವತ್ತು ಇರುವೆ ಇತ್ತು, ಕಣ್ಣಿಗೆ ಬಿತ್ತು. ಇಷ್ಟು ದಿನವೂ ನಾವು ಒಳಗೆ ನೋಡದೆಯೇ ಹಚ್ಚುತ್ತಿದ್ದೆವಲ್ಲ ಮಗು, ಇರುವೆಯಿಲ್ಲದ ದಿನವೂ ಅದು ತಪ್ಪೇ ಆಗಿತ್ತು" ಎಂದರು.

ಈ ಉತ್ತರದಲ್ಲಿರುವ ಸೂಕ್ಷ್ಮವನ್ನು ಗಮನಿಸಬೇಕು. ಈ ಯಂತ್ರವು ಶೀಘ್ರಗೊಳಿಸುವುದು ಕಾವಿನ ಕೆಲಸವೊಂದನ್ನು ಮಾತ್ರ. ಅದಕ್ಕೆ ಮೊದಲು ನಡೆಯಬೇಕಾದ ಶೋಧನೆಯ ಕೆಲಸಗಳಲ್ಲಿ ಒಂದೂ ಶೀಘ್ರವಾಗುವುದಿಲ್ಲ. ಹಿಟ್ಟನ್ನು ಜರಡಿ ಹಿಡಿಯಬೇಕು. ಗೋಡಂಬಿಯನ್ನು ಎರಡಾಗಿ ಸೀಳಿ ಒಳಗೆ ಹುಳುವಿಲ್ಲವೆಂದು ನೋಡಬೇಕು, ಖರ್ಜೂರವನ್ನು ಬಿಡಿಸಿ ನೋಡಬೇಕು. ನೀರನ್ನು ಬಟ್ಟೆಯಲ್ಲಿ ಗಾಳಿಸಬೇಕು. ಮಳೆಗಾಲದಲ್ಲಿ ರವೆಯನ್ನು ಬಿಳಿ ಬಟ್ಟೆಯ ಮೇಲೆ ಹರಡಬೇಕು. ಬಾಣಲೆಯ ಕಾಲದಲ್ಲಿ ತಿಂಡಿ ಮಾಡುವುದೇ ಅರ್ಧ ದಿನದ ಕೆಲಸವಾಗಿದ್ದುದರಿಂದ, ಈ ಶೋಧನೆಯ ಒಂದು ಗಂಟೆ ಯಾರಿಗೂ ಹೊರೆಯೆನಿಸುತ್ತಿರಲಿಲ್ಲ. ಕಾಯಿಸುವುದಕ್ಕೆ ಹದಿನೈದೇ ನಿಮಿಷವೆಂದಾದಾಗ ಶೋಧನೆಯ ಒಂದು ಗಂಟೆ ಭಾರವಾಗಿ ಕಾಣತೊಡಗುತ್ತದೆ, ಮನಸ್ಸು ಅದರಲ್ಲಿಯೇ ಉಳಿತಾಯ ಮಾಡಲು ಹೊರಡುತ್ತದೆ. ಇದು ಯಂತ್ರದ ದೋಷವಲ್ಲ. ಆದರೆ ಯಂತ್ರವು ಬಂದ ಮೇಲೆಯೇ ಕಾಣಿಸಿಕೊಳ್ಳುವ ದೋಷ.

ಮರ್ಯಾದೆಯ ವಿಷಯದಲ್ಲಿಯೂ ಇದೇ ನಡೆಯಿತು. ಮನೆಯಲ್ಲಿ ಪಾಲಿಸಿಕೊಂಡು ಬಂದ ದಿಗಂಬರ ಸಂಪ್ರದಾಯದಂತೆ ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಮರ್ಯಾದೆ. ನೀರು ಸೋಕದೆ ಮಾಡಿದ ಪಕ್ವಾನ್ನಕ್ಕೂ ಇದೇ ಲೆಕ್ಕ ಸಲ್ಲುತ್ತದೆ. ನಾನ್‌ಖಟಾಯಿಯನ್ನು ಅತ್ತೆ ಅಷ್ಟು ಇಷ್ಟಪಟ್ಟದ್ದು ಇದಕ್ಕಾಗಿಯೇ. ಆದರೆ ನೀರು ಹಾಕಿ ಕಲಸಿದ ಕರ್ಜಿಕಾಯಿಯ ಕಣಕದ ಕಥೆ ಬೇರೆ. ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಗಡಿಬಿಡಿಯಲ್ಲಿ ಸಮಯ ಸಾಲದೆ ಸೊಸೆ ಅದನ್ನು ಹಿಂದಿನ ರಾತ್ರಿಯೇ ಕಲಸಿ ಫ್ರಿಜ್ಜಿನಲ್ಲಿಡುತ್ತಿದ್ದಳು. ಸಂಜೆ ಹದಿನೈದು ನಿಮಿಷದಲ್ಲಿ ಬಿಸಿಬಿಸಿಯಾದ ತಾಜಾ ತಿಂಡಿ ಎಂದು ಎಲ್ಲರೂ ಸಂತೋಷಪಡುತ್ತಿದ್ದುದು ವಾಸ್ತವವಾಗಿ ಇಪ್ಪತ್ತು ಗಂಟೆಯ ಹಳೆಯ ಕಣಕ. ತಾಜಾತನವು ಬಿಸಿಯಲ್ಲಿರುವುದೆಂದು ನಾಲಿಗೆ ತಿಳಿಯುತ್ತದೆ, ಶಾಸ್ತ್ರ ಹಾಗೆ ತಿಳಿಯುವುದಿಲ್ಲ. ಅಂದಿನಿಂದ ಕರ್ಜಿಕಾಯಿ ಭಾನುವಾರದ ತಿಂಡಿಯಾಯಿತು. ಪುಡಿ ಸಕ್ಕರೆಯ ಡಬ್ಬಿಯ ಮೇಲೂ ಹಿಟ್ಟಿನ ಡಬ್ಬಿಯ ಮೇಲೂ ದಿನಾಂಕದ ಚೀಟಿ ಬಂತು.

ಒಲೆಯನ್ನು ನೋಡಿಕೊಳ್ಳುವ ಕ್ರಮವೂ ಬದಲಾಯಿತು. ಬಳಸಿದ ಮೇಲೆ ಬುಟ್ಟಿ, ಕೆಳತಟ್ಟೆ ಎರಡನ್ನೂ ಬೇರ್ಪಡಿಸಿ ತೊಳೆದು ಒಣಗಿಸುವುದು. ಯಂತ್ರ ತಣ್ಣಗಾಗಿ, ಪ್ಲಗ್ಗು ಕಿತ್ತ ಮೇಲೆ ಒದ್ದೆ ಬಟ್ಟೆಯಿಂದ ಒಳಗಣ ಮೇಲ್ಭಾಗವನ್ನು ಒರೆಸುವುದು, ಏಕೆಂದರೆ ತುಪ್ಪದ ಹನಿಗಳು ಹಾರಿ ಸುರುಳಿಯ ಸುತ್ತ ಅಂಟಿರುತ್ತವೆ, ಅದನ್ನು ಯಾರೂ ಬಗ್ಗಿ ನೋಡುವುದಿಲ್ಲ. ಹಿಂಬದಿಯಲ್ಲಿ ಗಾಳಿ ಹೊರಹೋಗಲು ಬಿಟ್ಟಿರುವ ಕಂಡಿಯಿಂದ ಇರುವೆ, ಜಿರಳೆಮರಿಗಳು ನುಸುಳಬಲ್ಲವು, ಆದುದರಿಂದ ಬಳಸದಿರುವಾಗ ಇಡೀ ಯಂತ್ರಕ್ಕೆ ತೆಳುವಾದ ಬಟ್ಟೆಯ ಮುಸುಕು. ಬಳಸುವಾಗ ಆ ಮುಸುಕನ್ನು ತೆಗೆದು ದೂರವಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ಹಚ್ಚುವ ಮೊದಲು ಟಾರ್ಚು ಹಿಡಿದು ಒಳಗೆ ನೋಡಿ, ಮೃದುವಾದ ಬ್ರಷ್ಷಿನಿಂದ ಒಮ್ಮೆ ಸವರುವ ಕೆಲಸವನ್ನು ಮೊಮ್ಮಗಳು ತಾನೇ ಕೇಳಿ ತೆಗೆದುಕೊಂಡಳು. ಪಿಂಛಿಯಿಂದ ನೆಲ ಸವರಿ ಕುಳಿತುಕೊಳ್ಳುವ ಮುನಿಗಳನ್ನು ಅವಳು ಚಾತುರ್ಮಾಸದಲ್ಲಿ ನೋಡಿದ್ದಳು. ಮಗುವಿಗೆ ಯಾರೂ ಹೋಲಿಕೆ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಲೆಕ್ಕ ಮಾವನವರದು. ಅಂಗಡಿಯ ಖಾತೆಯಂತೆಯೇ ಮನೆಯ ದಿನಸಿಯ ಖಾತೆಯನ್ನೂ ಬರೆದಿಡುವ ಹಳೆಯ ಕಾಲದ ವ್ಯಾಪಾರಿ ಅವರು. ಆ ವರ್ಷದ ದಶಲಕ್ಷಣ ಪರ್ವಕ್ಕೆ ಮುಂಚೆ ಒಂದು ಸಂಜೆ ಪುಸ್ತಕ ತಿರುವಿ ಹಾಕಿ, ಯಾರನ್ನೂ ಆಕ್ಷೇಪಿಸದೆ ಅಂಕಿಗಳನ್ನಷ್ಟೇ ಓದಿದರು. ಯಂತ್ರ ಬಂದ ಮೇಲೆ ತಿಂಗಳಿಗೆ ಎಣ್ಣೆ ಎರಡು ಲೀಟರು ಕಡಿಮೆಯಾಗಿದೆ. ಸಕ್ಕರೆ ಮೂರು ಕಿಲೋ ಇದ್ದುದು ಐದಾಗಿದೆ. ಬೆಲ್ಲ ಒಂದು ಕಿಲೋ ಹೆಚ್ಚು, ತುಪ್ಪ ಒಂದು ಕಿಲೋ ಹೆಚ್ಚು. ಮಾವನವರಿಗೆ ಮಧುಮೇಹವಿದೆಯೆಂಬುದನ್ನು ಇಲ್ಲಿ ಹೇಳಿದರೆ ಸಾಕು.

ಆಗಿರುವುದೇನೆಂದರೆ, ಹಿಂದೆ ಹಬ್ಬಕ್ಕೋ ನೋಂಪಿಯ ಉದ್ಯಾಪನೆಗೋ ನೆಂಟರು ಬಂದಾಗಲೋ ಆಗುತ್ತಿದ್ದ ಸಿಹಿ ಈಗ ವಾರಕ್ಕೆ ಐದು ದಿನ ಆಗುತ್ತಿತ್ತು. ಶ್ರಮವೇ ಒಂದು ಬೇಲಿಯಾಗಿತ್ತು, ಬೇಲಿ ಬಿದ್ದುಹೋಯಿತು. ಕಜ್ಜಾಯ ಮಾಡಬೇಕೆಂದರೆ ಅಕ್ಕಿ ನೆನೆಸುವುದರಿಂದ ಮೊದಲುಗೊಂಡು ಒಂದೆರಡು ದಿನ ಬೇಕು. ಅಷ್ಟರಲ್ಲಿ ಆಸೆಯ ಅರ್ಧ ಭಾಗ ತಾನಾಗಿ ತಣಿಯುತ್ತದೆ. ಹದಿನೈದು ನಿಮಿಷದಲ್ಲಿ ಆಸೆಗೆ ತಣಿಯಲು ವೇಳೆಯೆಲ್ಲಿ? ಎಣ್ಣೆಯಿಲ್ಲವಲ್ಲ ಎಂಬ ಸಮಾಧಾನವು ಮತ್ತೊಂದು ಬಿಸ್ಕತ್ತಿಗೆ ಕೈ ಚಾಚಿಸುತ್ತದೆ. ಬಾಹ್ಯ ತಪಸ್ಸಿನ ಆರು ಬಗೆಗಳಲ್ಲಿ ಅವಮೌದರ್ಯ, ರಸಪರಿತ್ಯಾಗಗಳೆರಡೂ ಊಟದ ಎಲೆಯ ಮುಂದೆ ಕುಳಿತಾಗಲೇ ಅಭ್ಯಾಸವಾಗಬೇಕಾದವು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಈ ಯಂತ್ರವು ಎಣ್ಣೆಯನ್ನು ಬಿಡಲು ನೆರವಾಗಿ ಸಿಹಿಯನ್ನೂ ತುಪ್ಪವನ್ನೂ ಎರಡು ಕೈಯಿಂದ ಬಡಿಸಿತು.

ಯಂತ್ರವನ್ನು ಮಾರಿಬಿಡಬೇಕೆಂದು ಸೊಸೆಯೇ ಹೇಳಿದಳು. ಅತ್ತೆ ಒಪ್ಪಲಿಲ್ಲ. ಮಾರಿದರೆ ಮಗುವಿನ ಕಾಲು ಮತ್ತೆ ಬೇಕರಿಯ ಮುಂದೆ ನಿಲ್ಲುತ್ತದೆ, ಅದೂ ಸೂರ್ಯಾಸ್ತದ ಮೇಲೆ. ಭೋಗೋಪಭೋಗ ಪರಿಮಾಣ ವ್ರತ ಇರುವುದು ಇಂತಹ ಸಂದರ್ಭಕ್ಕಾಗಿಯೇ. ಒಮ್ಮೆ ಬಳಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ. ತಿಂಡಿ ಮೊದಲನೆಯದು, ಒಲೆ ಎರಡನೆಯದು. ಎರಡಕ್ಕೂ ಮಿತಿ ಹಾಕಬಹುದು. ಜೀವನಪರ್ಯಂತ ತೊಡುವುದು ಯಮ, ಕಾಲಮಿತಿಯಿಂದ ತೊಡುವುದು ನಿಯಮ ಎಂದು ಸಮಂತಭದ್ರರು ವಿಂಗಡಿಸಿರುವುದರಲ್ಲಿ ಗೃಹಸ್ಥನ ಮೇಲಿನ ಕರುಣೆಯಿದೆ. ಸೊಸೆ ಆ ವರ್ಷದ ದೀಪಾವಳಿಯವರೆಗೆ ನಿಯಮ ತೆಗೆದುಕೊಂಡಳು: ಒಲೆಯಲ್ಲಿ ಸಿಹಿ ವಾರಕ್ಕೆ ಎರಡು ದಿನ, ಅಷ್ಟಮಿ ಚತುರ್ದಶಿಗಳಲ್ಲಿ ಇಲ್ಲ, ಒಂದು ಸಲಕ್ಕೆ ಒಂದೇ ಬುಟ್ಟಿ. ಉಳಿದ ದಿನ ಮಗುವಿಗೆ ಹುರಿದ ಕಡಲೆಬೀಜ, ಹಣ್ಣು, ಅವಲಕ್ಕಿ. ಅತ್ತೆ ತಾವು ಚಾತುರ್ಮಾಸ ಮುಗಿಯುವವರೆಗೆ ಸಿಹಿಯನ್ನೇ ಬಿಟ್ಟರು. ಇರುವೆಗಳ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ದೀಪಾವಳಿಯಂದು ಭಗವಾನ್ ಮಹಾವೀರರ ನಿರ್ವಾಣ ಪೂಜೆ ಮುಗಿಸಿ ಬಂದ ಸೊಸೆ ನಿಯಮವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದಳು. ಮಾವನವರ ಪುಸ್ತಕದಲ್ಲಿ ಸಕ್ಕರೆ ಮೂರು ಕಿಲೋಗೆ ಇಳಿಯಲಿಲ್ಲ, ಮೂರೂವರೆಯಲ್ಲಿ ನಿಂತಿತು.

ಮುನಿಸಂಘವು ಬಡಾವಣೆಗೆ ಬಂದಾಗ ಆಹಾರದಾನಕ್ಕೆ ಈ ಒಲೆಯಲ್ಲಿ ಏನಾದರೂ ಮಾಡಬಹುದೇ ಎಂಬ ಪ್ರಶ್ನೆಯನ್ನು ನೆರೆಯವರು ಕೇಳಿದ್ದುಂಟು. ಅತ್ತೆ ಬೇಡವೆಂದರು. ಫ್ಯಾನು ಸುರುಳಿಗಳನ್ನು ಬಿಚ್ಚಿ ತೊಳೆಯಲಾಗುವುದಿಲ್ಲ, ಪೂರ್ತಿ ತೊಳೆಯಲಾಗದ ಪಾತ್ರೆಯ ಅಡಿಗೆಯನ್ನು ಪಾತ್ರದಾನಕ್ಕೆ ಇಡಲು ತಮ್ಮ ಮನಸ್ಸು ಒಪ್ಪದು ಎಂಬುದು ಅವರ ಉತ್ತರ. ಬೇರೆಯವರ ಅಭಿಪ್ರಾಯ ಬೇರೆಯಿರಬಹುದು. ಸಂದೇಹವಿದ್ದಲ್ಲಿ ಬಿಡುವುದೇ ಲೇಸು.

ಬಸದಿಯ ಟ್ರಸ್ಟಿನವರ ಪ್ರಶ್ನೆ ಮಾತ್ರ ಬೇರೆ ರೀತಿಯದು. ಭಾನುವಾರದ ಪಾಠಶಾಲೆಗೆ ನಲವತ್ತು ಮಕ್ಕಳು ಬರುತ್ತಾರೆ. ಪಾಠ ಮುಗಿದ ಮೇಲೆ ಕೊಡುತ್ತಿದ್ದುದು ಅಂಗಡಿಯ ಬಿಸ್ಕತ್ತಿನ ಪೊಟ್ಟಣ. ಒಂದು ದೊಡ್ಡ ಏರ್ ಫ್ರೈಯರನ್ನು ದಾನಿಗಳಿಂದ ಕೊಡಿಸಿಕೊಂಡರೆ ಹೇಗೆಂದು ಸಮಿತಿಯಲ್ಲಿ ಮಾತು ಬಂದಾಗ ಮಾವನವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಒಂದು ಬುಟ್ಟಿಗೆ ಎಂಟು ಅಥವಾ ಹತ್ತು ನಾನ್‌ಖಟಾಯಿ. ಮಗುವಿಗೆ ಎರಡರಂತೆ ಎಂಬತ್ತಕ್ಕೆ ಎಂಟರಿಂದ ಹತ್ತು ಸಲ, ಎಂದರೆ ಎರಡು ಗಂಟೆಗೂ ಮೇಲ್ಪಟ್ಟು ಒಬ್ಬರು ಅಲ್ಲಿಯೇ ನಿಲ್ಲಬೇಕು. ಬಸದಿಯ ಅಡಿಗೆಮನೆಯಲ್ಲಿ ವಾರವಿಡೀ ಮುಚ್ಚಿಟ್ಟ ಯಂತ್ರದೊಳಗೆ ಯಾರು ಟಾರ್ಚು ಹಿಡಿದು ನೋಡುವವರು? ಯಂತ್ರ ಕೊಳ್ಳುವ ಮಾತು ಅಲ್ಲಿಗೆ ನಿಂತಿತು. ಅದರ ಬದಲಿಗೆ ಎಂಟು ಮನೆಯವರು ಸರದಿಯ ಮೇಲೆ, ಭಾನುವಾರಕ್ಕೆ ನಾಲ್ಕು ಮನೆಗಳಂತೆ, ತಮ್ಮತಮ್ಮಲ್ಲಿ ಇಪ್ಪತ್ತಿಪ್ಪತ್ತು ಮಾಡಿ ತರುವುದೆಂದು ಗೊತ್ತಾಯಿತು. ಕೆಲವರು ಏರ್ ಫ್ರೈಯರಿನಲ್ಲಿ ಮಾಡುತ್ತಾರೆ, ಕೆಲವರು ಕುಕ್ಕರಿನ ತಳಕ್ಕೆ ಉಪ್ಪು ಹಾಸಿ ಮಾಡುತ್ತಾರೆ. ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಹಿಟ್ಟು ಬೀಸಿಸಿದ ದಿನವನ್ನು ಬರೆದಿರಬೇಕು. ಮಳೆಗಾಲದಲ್ಲಿ ಆ ಚೀಟಿಯನ್ನು ಓದಿ, ಮೂರು ದಿನ ಮೀರಿದ ಡಬ್ಬಿಯನ್ನು ತೆರೆಯದೆ ಹಿಂದಕ್ಕೆ ಕೊಡುವ ಅಧಿಕಾರ ಪಾಠಶಾಲೆಯ ಮಕ್ಕಳದು. ಇದುವರೆಗೆ ಎರಡು ಡಬ್ಬಿಗಳು ಹಿಂದಕ್ಕೆ ಹೋಗಿವೆ, ಅದರಲ್ಲಿ ಒಂದು ಸಮಿತಿಯ ಸದಸ್ಯರೊಬ್ಬರ ಮನೆಯದು.